ಅಜ್ಜನ ಚಾಕುವನ್ನು ಗ್ರೈಂಡರ್‌ಗೆ ಹಿಡಿಯುವ ಮೊದಲು

ಎರಡು ವರ್ಷದ ಹಿಂದೆ ಮಳೆಗಾಲ ಹಿಡಿಯೋ ಮೊದಲು ಅಟ್ಟ ಖಾಲಿ ಮಾಡ್ತಾ ಇದ್ದೆ. ಒಂದು ತಗಡಿನ ಬಿಸ್ಕತ್ತು ಡಬ್ಬಿ ಸಿಕ್ತು. ಒಳಗೆ ಯಾವ ಬೀಗಕ್ಕೂ ಸೇರದ ಕೀಲಿಗಳು, ಹಳೇ ತೂಕದ ಬಟ್ಟು, ಮುರಿದ ಅಡಕತ್ತರಿ, ಅದರಡಿಗೆ ಒಂದು ಮಡಚುವ ಚಾಕು. ಹಿಡಿ ಹಳದಿ ಬಿಳುಪು, ಅಲಗು ಪೂರ್ತಿ ಕಂದು. ಹಿಡಿಯ ತುದಿ ಮಾತ್ರ ವಿಚಿತ್ರವಾಗಿ ಚಪ್ಪಟೆ, ಉಗುರಿನ ಹಾಗೆ ತೆಳು. ಮುರಿದು ಹೋಗಿ ಹಾಗಾಗಿರಬೇಕು ಅಂದುಕೊಂಡೆ.

ನಾನು ಮಾಡಿದ್ದು ನೀವೂ ಮಾಡ್ತಿದ್ರಿ ಅನ್ನಿಸುತ್ತೆ. ಆಂಗಲ್ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಐದು ನಿಮಿಷ ಹಿಡಿದೆ. ತುಕ್ಕು ಹೋಗಿ ಕನ್ನಡಿಯ ಹಾಗೆ ಹೊಳೀತು. ಎರಡೂ ಕಡೆ ಸಾಣೆ ಹಿಡಿದೆ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ, 'ಅಜ್ಜನ ಚಾಕು' ಅಂತ. ಹತ್ತು ನಿಮಿಷದಲ್ಲಿ ಅಪ್ಪನ ಸ್ನೇಹಿತರೊಬ್ಬರ ಫೋನು. ನರ್ಸರಿ ನಡೆಸಿ ನಿವೃತ್ತರಾದವರು. ಅವರು ಕೇಳಿದ್ದು ಒಂದೇ ಮಾತು: "ಅಲಗಿನ ಬುಡದಲ್ಲಿ ಏನು ಬರೆದಿತ್ತು?"

ಓಡಿ ಹೋಗಿ ನೋಡಿದೆ. ಏನೂ ಇರಲಿಲ್ಲ. ಅಂದರೆ ಇದ್ದದ್ದನ್ನ ನಾನೇ ಉಜ್ಜಿ ತೆಗೆದಿದ್ದೆ. ಅಮ್ಮನಿಗೆ ಮಸುಕು ನೆನಪು: "ಒಂದು ನಕ್ಷತ್ರ ಇತ್ತಪ್ಪ, ಪಕ್ಕದಲ್ಲಿ ಪ್ಲಸ್ ತರದ್ದು ಏನೋ ಒಂದು." ಅಮ್ಮನ ನೆನಪು ಸರಿಯಾಗಿದ್ದರೆ ಅದು ಇಂಗ್ಲೆಂಡಿನ ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಚಾಕು. ಆದರೆ ಈಗ ಅದನ್ನ ಸಾಬೀತು ಮಾಡೋಕೆ ಯಾವ ದಾರಿಯೂ ಇಲ್ಲ.

ಇದನ್ನ ದುಡ್ಡಿನ ಲೆಕ್ಕಕ್ಕೆ ಹೇಳ್ತಾ ಇಲ್ಲ. ಲಿಂಗನಮಕ್ಕಿ ಹಿನ್ನೀರು ಬರುವ ಮೊದಲು ಅಜ್ಜ ಹಳೇ ಊರಿನ ಹೊಳೆದಂಡೆಯ ಅಪ್ಪೆಮಿಡಿ ಮರಗಳಿಂದ ಕಡ್ಡಿ ತಂದು ಕಸಿ ಕಟ್ಟಿದ್ದು ಇದೇ ಚಾಕುವಿನಲ್ಲಿ. ಆ ಮರಗಳು ನೀರಿನಡಿಗೆ ಹೋದವು. ನಮ್ಮ ಹಿತ್ತಲಲ್ಲಿ ಮೂರು ಉಳಿದಿವೆ. ಚಪ್ಪಟೆ ತುದಿ ಮುರಿದದ್ದಲ್ಲ, ತೊಗಟೆ ಎಬ್ಬಿಸೋಕೆ ಇರೋದು ಅಂತ ನನಗೆ ಗೊತ್ತಾಗಿದ್ದು ಆ ಫೋನಿನಲ್ಲೇ.

ಅಂದಿನಿಂದ ಹಳೇ ಮಡಚುವ ಚಾಕುಗಳ ಹುಚ್ಚು ಹತ್ತಿದೆ. ಕೊಂಡು ಗುಡ್ಡೆ ಹಾಕೋ ಹುಚ್ಚಲ್ಲ. ನನ್ನ ಹತ್ತಿರ ಇರೋದು ಒಟ್ಟು ಹನ್ನೊಂದು, ಅದರಲ್ಲಿ ದುಡ್ಡು ಕೊಟ್ಟು ತಂದದ್ದು ನಾಲ್ಕೇ. ಗುರುತಿಸೋದರಲ್ಲೇ ಮಜಾ ಇರೋದು. ನಿಮ್ಮ ಮನೆ ಅಟ್ಟ, ಕೊಟ್ಟಿಗೆ, ಅಜ್ಜಿಯ ಟ್ರಂಕಿನಲ್ಲಿ ಇಂಥದ್ದು ಸಿಕ್ಕರೆ ಏನು ನೋಡಬೇಕು ಅನ್ನೋದನ್ನ ಈ ವಾರ ಹೇಳ್ತೀನಿ.

ಮೊದಲು ಬುಡ ನೋಡಿ

ಚಾಕುವನ್ನ ಪೂರ್ತಿ ಬಿಚ್ಚಿ. ಅಲಗು ಹಿಡಿಯೊಳಗೆ ಸೇರುವ ಜಾಗದಲ್ಲಿ, ಸಾಣೆ ಹಿಡಿಯದ ಒಂದು ಚೌಕ ಭಾಗ ಇರುತ್ತೆ. ತಯಾರಕರ ಮುದ್ರೆ ಅಲ್ಲಿಯೇ. ಎರಡೂ ಬದಿ ನೋಡಬೇಕು. ಒಂದು ಬದಿ ಹೆಸರು, ಇನ್ನೊಂದು ಬದಿ ನಂಬರ್ ಅಥವಾ ದೇಶದ ಹೆಸರು ಇರೋದು ಮಾಮೂಲು. ಎರಡು ಮೂರು ಅಲಗು ಇದ್ದರೆ ಪ್ರತಿಯೊಂದರ ಬುಡವನ್ನೂ ನೋಡಿ.

ಮುದ್ರೆ ಮಸುಕಾಗಿದ್ದರೆ ಉಪ್ಪುಕಾಗದ ಮುಟ್ಟಲೇಬೇಡಿ. ಚಿಟಿಕೆ ಟಾಲ್ಕಂ ಪೌಡರ್ ಬೆರಳಲ್ಲಿ ಮೆಲ್ಲಗೆ ಸವರಿ, ಮೇಲಿನದನ್ನ ಬಟ್ಟೆಯಲ್ಲಿ ಒರೆಸಿ. ಅಕ್ಷರದ ಕುಳಿಯಲ್ಲಿ ಬಿಳುಪು ಕೂರುತ್ತೆ. ಆಮೇಲೆ ಫೋನಿನ ಮ್ಯಾಕ್ರೋ ಮೋಡ್. ಫ್ಲ್ಯಾಶ್ ಹಾಕಬೇಡಿ, ಲೋಹ ಹೊಳೆದು ಏನೂ ಕಾಣಲ್ಲ. ಕತ್ತಲೆ ಕೋಣೆಯಲ್ಲಿ ಇನ್ನೊಂದು ಫೋನಿನ ಟಾರ್ಚನ್ನ ಪಕ್ಕದಿಂದ, ಅಲಗಿಗೆ ಹೆಚ್ಚುಕಮ್ಮಿ ಸಮವಾಗಿ ಹಿಡಿಯಿರಿ. ನೆರಳು ಬಿದ್ದಾಗ ಅಕ್ಷರ ಎದ್ದು ನಿಲ್ಲುತ್ತೆ. ನಾಲ್ಕು ದಿಕ್ಕಿಂದ ನಾಲ್ಕು ಫೋಟೋ, ಪಕ್ಕದಲ್ಲಿ ಒಂದು ಸ್ಕೇಲ್. ಇಷ್ಟಾದ ಮೇಲೆ ಉಳಿದದ್ದು. ಫೋಟೋ ಹಾಕಿದರೆ ಫೋನು ತಾನೇ ಗುರುತಿಸುತ್ತೆ ಅಂತ ನಂಬಿಕೊಂಡು ಕೂರಬೇಡಿ. ಹಳೇ ಚಾಕು ಹಾಕಿದರೆ ಅದು ಹೊಸ ಚಾಕು ಮಾರೋ ಅಂಗಡಿಗಳನ್ನ ತೋರಿಸುತ್ತೆ ಅಷ್ಟೇ. ಓದಿದ ಅಕ್ಷರಗಳನ್ನ ಟೈಪ್ ಮಾಡಿ ಹುಡುಕಿ, ಕೆಲಸ ಆಗುತ್ತೆ.

ಶೆಫೀಲ್ಡ್ ಅನ್ನೋ ಊರು

ಬ್ರಿಟಿಷರ ಕಾಲದ ಮಡಚುವ ಚಾಕು ಅಂದಮೇಲೆ ಶೆಫೀಲ್ಡ್ ಹೆಸರು ಬಾರದೆ ಇರಲ್ಲ. ಇಂಗ್ಲೆಂಡಿನ ಈ ಊರು ಹದಿನಾಲ್ಕನೇ ಶತಮಾನದಿಂದಲೂ ಚಾಕುವಿಗೇ ಹೆಸರುವಾಸಿ. 1624ರಲ್ಲೇ ಅಲ್ಲಿನ ಚಾಕು ಮಾಡುವವರ ಸಂಘ ಕಾನೂನುಬದ್ಧವಾಗಿ ಶುರುವಾಯ್ತು. ಯಾರ ಮುದ್ರೆ ಯಾರದ್ದು ಅನ್ನೋದನ್ನ ಆ ಸಂಘ ದಾಖಲೆ ಇಟ್ಟು ಕಾಯ್ತಿತ್ತು. ನಾವು ಇವತ್ತು ಒಂದು ನಕ್ಷತ್ರ ನೋಡಿ 'ಇದು ಇಂಥವರದ್ದು' ಅನ್ನೋದಕ್ಕೆ ಆಗೋದು ಆ ದಾಖಲೆ ಇರೋದರಿಂದ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ, ಅಂದರೆ ನಾಲ್ಕು ಬಾಣದ ತುದಿ ಒಂದೆಡೆ ಸೇರಿದ ಹಾಗೆ ಕಾಣೋ ಶಿಲುಬೆ, ಜೋಸೆಫ್ ರಾಜರ್ಸ್ ಅವರದ್ದು. 'ಐ ಎಕ್ಸ್ ಎಲ್' ಅಂತ ಇದ್ದರೆ ಜಾರ್ಜ್ ವೊಸ್ಟೆನ್‌ಹೋಮ್. ಇಂಗ್ಲಿಷಿನಲ್ಲಿ ಜೋರಾಗಿ ಓದಿ, 'ನಾನು ಎಲ್ಲರನ್ನೂ ಮೀರಿಸ್ತೀನಿ' ಅನ್ನೋ ಅರ್ಥ ಬರುತ್ತೆ.

ಶೆಫೀಲ್ಡ್ ಉಕ್ಕಿಗೆ ಹೆಸರು ಬಂದದ್ದು 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮಣ್ಣಿನ ಮೂಸೆಯಲ್ಲಿ ಉಕ್ಕು ಕರಗಿಸೋ ವಿಧಾನ ಕಂಡುಕೊಂಡ ಮೇಲೆ. ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಕ್ಕೆ ಮನಸ್ಸಿಲ್ಲ. ಮೂಸೆಯ ಉಕ್ಕನ್ನ ನಮ್ಮ ಕಡೆಯವರು ಅದಕ್ಕಿಂತ ಎಷ್ಟೋ ಶತಮಾನ ಮೊದಲೇ ಮಾಡ್ತಿದ್ದರು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಹಳ್ಳಿಗಳಲ್ಲಿ ಉಕ್ಕು ಮಾಡೋದನ್ನ ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಯುರೋಪಿನವರು ಆ ಉಕ್ಕಿಗೆ 'ವೂಟ್ಸ್' ಅಂತ ಹೆಸರಿಟ್ಟರು. ಅದು ಕನ್ನಡದ 'ಉಕ್ಕು' ಅನ್ನೋ ಪದದಿಂದಲೇ ಹುಟ್ಟಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನಮ್ಮ ಪದ ಹಡಗು ಹತ್ತಿ ಹೋಯ್ತು, ಚಾಕು ಹಡಗು ಹತ್ತಿ ಬಂತು.

ಈಗ ಕಾಲ ಪತ್ತೆ ಮಾಡೋದು ಹೇಗೆ? ಮುದ್ರೆಯಲ್ಲಿ ಕಿರೀಟದ ಅಕ್ಕಪಕ್ಕ 'ವಿ ಆರ್' ಇದ್ದರೆ ವಿಕ್ಟೋರಿಯಾ ರಾಣಿ ಕಾಲ, ಅಂದರೆ 1901ರ ಒಳಗೆ. 'ಇ ಆರ್' ಇದ್ದು ಚಾಕು ನೋಡೋಕೆ ಹಳೆಯದೇ ಆದರೆ ಏಳನೇ ಎಡ್ವರ್ಡ್, 1901ರಿಂದ 1910. 'ಜಿ ಆರ್' ಸ್ವಲ್ಪ ತಲೆನೋವು. ಜಾರ್ಜ್ ಹೆಸರಿನ ರಾಜರು ಒಬ್ಬರಲ್ಲ. ಹೆಚ್ಚಾಗಿ ಸಿಗೋದು 1910ರ ನಂತರದವು. ಇದನ್ನ ಅಂದಾಜು ಅಂತಲೇ ಇಟ್ಟುಕೊಳ್ಳಿ. ಹಳೇ ಅಚ್ಚು ಸವೆಯೋ ತನಕ ಬಳಸಿದ ಕಾರ್ಖಾನೆಗಳೂ ಇದ್ದವು.

ದೇಶದ ಹೆಸರು ಇನ್ನೊಂದು ಸುಳಿವು. 1890ರಲ್ಲಿ ಅಮೆರಿಕ ಒಂದು ಸುಂಕದ ಕಾನೂನು ತಂತು. ಅದರ ಪ್ರಕಾರ 1891ರಿಂದ ಅಲ್ಲಿಗೆ ಹೋಗೋ ಸಾಮಾನಿನ ಮೇಲೆ ಯಾವ ದೇಶದ್ದು ಅಂತ ಬರೆಯಲೇಬೇಕಾಯ್ತು. ಅದಕ್ಕೇ ಬರೀ 'ಶೆಫೀಲ್ಡ್' ಇದ್ದರೆ ಅದಕ್ಕಿಂತ ಹಳೇದು, 'ಇಂಗ್ಲೆಂಡ್' ಸೇರಿದ್ದರೆ ಆಮೇಲಿನದು ಅಂತ ಅಮೆರಿಕದ ಸಂಗ್ರಾಹಕರ ಲೆಕ್ಕ. ಆದರೆ ಹುಷಾರು, ಆ ಕಾನೂನು ಅಮೆರಿಕಕ್ಕೆ. ಬೊಂಬಾಯಿಗೆ, ಮದ್ರಾಸಿಗೆ ಬರೋ ಚಾಕುವಿಗೆ ಅದು ಅನ್ವಯಿಸ್ತಿರಲಿಲ್ಲ. ಹಾಗಾಗಿ ನಮ್ಮಲ್ಲಿ ಸಿಗೋ ಚಾಕುವಿನ ಮೇಲೆ 'ಇಂಗ್ಲೆಂಡ್' ಇಲ್ಲ ಅಂದ ಮಾತ್ರಕ್ಕೆ ನೂರಮೂವತ್ತು ವರ್ಷ ಹಳೆಯದು ಅಂತ ಹೇಳೋ ಹಾಗಿಲ್ಲ. 'ಇಂಗ್ಲೆಂಡ್' ಇದ್ದರೆ ಮಾತ್ರ 'ಹೆಚ್ಚಾಗಿ ಆಮೇಲಿನದು' ಅನ್ನಬಹುದು.

'ಸ್ಟೇನ್‌ಲೆಸ್' ಅನ್ನೋ ಪದ ಗಟ್ಟಿ ಸಾಕ್ಷಿ. ತುಕ್ಕು ಹಿಡಿಯದ ಉಕ್ಕನ್ನ ಹ್ಯಾರಿ ಬ್ರಿಯರ್ಲಿ ಅದೇ ಶೆಫೀಲ್ಡ್‌ನಲ್ಲಿ ತಯಾರಿಸಿದ್ದು 1913ರಲ್ಲಿ. ಅಲಗಿನ ಮೇಲೆ ಆ ಪದ ಇದ್ದೂ 'ವಿಕ್ಟೋರಿಯಾ ಕಾಲದ್ದು ಸಾರ್' ಅಂತ ಯಾರಾದರೂ ಮಾರಕ್ಕೆ ಬಂದರೆ ಟೀ ಕುಡಿಸಿ ಕಳಿಸಿ. ಜರ್ಮನಿಯವರು ಅದನ್ನೇ 'ರೋಸ್ಟ್‌ಫ್ರೈ' ಅಂತ, ಫ್ರೆಂಚರು ಮತ್ತು ಸ್ವಿಸ್‌ನವರು 'ಇನಾಕ್ಸ್' ಅಂತ ಬರೀತಾರೆ.

ಜರ್ಮನಿ, ಸ್ವಿಸ್, ಅಮೆರಿಕ

ಜರ್ಮನಿಯ ಶೆಫೀಲ್ಡ್ ಅಂದರೆ ಸೊಲಿಂಗೆನ್. ಒಂದು ಕಾಲದಲ್ಲಿ ಅಲ್ಲಿನ ಕೆಲವರು ಅಗ್ಗದ ಚಾಕು ಮಾಡಿ ಶೆಫೀಲ್ಡ್ ಹೆಸರು ಹೊಡೆದು ಮಾರ್ತಿದ್ದರು. ಇಂಗ್ಲಿಷರಿಗೆ ಸಿಟ್ಟು ಬಂದು 1887ರಲ್ಲಿ ಕಾನೂನು ಮಾಡಿದರು, ವಿದೇಶಿ ಮಾಲಿನ ಮೇಲೆ ದೇಶದ ಹೆಸರು ಇರಬೇಕು ಅಂತ. ನಾಚಿಕೆಪಡಿಸೋಕೆ ತಂದ 'ಮೇಡ್ ಇನ್ ಜರ್ಮನಿ' ಕೊನೆಗೆ ಜಾಹೀರಾತೇ ಆಗಿಹೋಯ್ತು. ಅವಳಿ ಮನುಷ್ಯರ ಚಿತ್ರ ಇದ್ದರೆ ಹೆಂಕೆಲ್ಸ್, ಆ ಗುರುತು 1731ರಷ್ಟು ಹಳೆಯದು. ಮರದ ಚಿತ್ರ ಇದ್ದರೆ ಬೋಕರ್. 'ವೆಸ್ಟ್ ಜರ್ಮನಿ' ಅಂತ ಇದ್ದರೆ ಲೆಕ್ಕ ಸುಲಭ: ದೇಶ ಇಬ್ಭಾಗ ಆಗಿದ್ದ 1949ರಿಂದ 1990ರ ನಡುವಿನದು.

ಸ್ವಿಸ್ ಚಾಕು ನಿಮಗೆಲ್ಲ ಗೊತ್ತು. ಕಾರ್ಲ್ ಎಲ್ಸೆನರ್ 1884ರಲ್ಲಿ ಕಾರ್ಖಾನೆ ಹಾಕಿದ, 1897ರಲ್ಲಿ ಅಧಿಕಾರಿಗಳ ಚಾಕು ಬಂತು. 1909ರಲ್ಲಿ ತೀರಿಕೊಂಡ ಅಮ್ಮನ ನೆನಪಿಗೆ 'ವಿಕ್ಟೋರಿಯಾ' ಅಂತ ಹೆಸರಿಟ್ಟ. 1921ರಲ್ಲಿ ಸ್ಟೇನ್‌ಲೆಸ್ ಬಂದಾಗ 'ಇನಾಕ್ಸ್' ಸೇರಿ 'ವಿಕ್ಟೋರಿನಾಕ್ಸ್' ಆಯ್ತು. ಅಂದರೆ ಹೆಸರಿನೊಳಗೇ ತಾರೀಕು ಇದೆ. ಫ್ರಾನ್ಸಿನ ಒಪಿನೆಲ್ ಅಂತೂ ಪಕ್ಕಾ ರೈತರ ಚಾಕು. ಮರದ ಹಿಡಿ, ಒಂದೇ ಅಲಗು, 1890ರಿಂದ ಹೆಚ್ಚು ಬದಲಾಗಿಲ್ಲ. ಅಲಗು ಮಡಚಿಕೊಳ್ಳದ ಹಾಗೆ ತಡೆಯೋ ತಿರುಗುವ ಬಳೆ 1955ರಲ್ಲಿ ಸೇರಿತು. ಬಳೆ ಇಲ್ಲದ್ದು ಸಿಕ್ಕರೆ, ಸಣ್ಣ ಸೈಜಿನದ್ದು ಅಲ್ಲದಿದ್ದರೆ, ಅದಕ್ಕಿಂತ ಹಳೆಯದು ಇರಬಹುದು. ಚಿಕ್ಕ ನಂಬರಿನವಕ್ಕೆ ಇವತ್ತಿಗೂ ಬಳೆ ಇರಲ್ಲ.

ಅಮೆರಿಕದ ಕೇಸ್ ಚಾಕು ನಮ್ಮಲ್ಲಿ ಸಿಗೋದು ಅಪರೂಪ. ಆದರೂ ಹೇಳ್ತೀನಿ, ಯಾಕಂದರೆ ಅಷ್ಟು ಚಂದದ ಲೆಕ್ಕ ಬೇರೆ ಯಾರೂ ಇಟ್ಟಿಲ್ಲ. 1970ರಲ್ಲಿ ಮುದ್ರೆ ಕೆಳಗೆ ಹತ್ತು ಚುಕ್ಕಿ ಇಟ್ಟರು. ಪ್ರತಿ ವರ್ಷ ಒಂದೊಂದು ತೆಗೆದರು. ಏಳು ಚುಕ್ಕಿ ಇದ್ದರೆ 1973. 1980ಕ್ಕೆ ಅಕ್ಷರದ ಶೈಲಿ ಬದಲಿಸಿ ಮತ್ತೆ ಹತ್ತರಿಂದ ಶುರು. ನಂಬರಿಗೂ ಅರ್ಥ ಇದೆ: 6254 ಅಂದರೆ ಆರು ಮೂಳೆ ಹಿಡಿಗೆ, ಎರಡು ಅಲಗಿನ ಸಂಖ್ಯೆಗೆ, 54 ಮಾದರಿಗೆ. ದೊಡ್ಡಪ್ಪನ ಮಗ ಅಮೆರಿಕದಿಂದ ತಂದುಕೊಟ್ಟದ್ದು ಎಲ್ಲಾದರೂ ಬಿದ್ದಿದ್ದರೆ ಚುಕ್ಕಿ ಎಣಿಸಿ ನೋಡಿ.

ನಮ್ಮ ದೇಶದ್ದು ಅಂದರೆ ಉತ್ತರ ಪ್ರದೇಶದ ರಾಂಪುರದ ರಾಂಪುರಿ. ಹಿಂದಿ ಸಿನಿಮಾದ ಖಳನಾಯಕರು ಟಪ್ ಅಂತ ಬಿಚ್ತಿದ್ದರಲ್ಲ, ಅದೇ. 2023ರಲ್ಲಿ ಆ ಊರಿನ ಚೌಕದಲ್ಲಿ ಇಪ್ಪತ್ತು ಅಡಿಯ ಚಾಕುವನ್ನೇ ನಿಲ್ಲಿಸಿದ್ದಾರೆ. ಬಟನ್ ಒತ್ತಿದರೆ ಬಿಚ್ಚೋ ಚಾಕುವನ್ನ ಮಾತ್ರ ಜೇಬಲ್ಲಿ ಇಟ್ಕೊಂಡು ಪೇಟೆಗೆ ಹೋಗಬೇಡಿ. ಆಯುಧ ನಿಯಮದಲ್ಲಿ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿಗೆ ನಿರ್ಬಂಧ ಇದೆ, ಮನೆ ಮತ್ತು ಕೃಷಿ ಕೆಲಸದವಕ್ಕೆ ವಿನಾಯಿತಿ ಇದೆ. ಕಸಿ ಚಾಕು ಈ ಅಳತೆಯ ಹತ್ತಿರಕ್ಕೂ ಬರಲ್ಲ. ಆದರೂ ಜಾತ್ರೆ, ಚುನಾವಣೆ, ವಿಮಾನ, ಈ ಮೂರು ಕಡೆಗೆ ಹೊರಡುವಾಗ ಜೇಬು ಖಾಲಿ ಮಾಡಿಕೊಳ್ಳಿ.

ಹಿಡಿ ಯಾವುದರದ್ದು? ಇದು ಪೊಲೀಸ್ ಕೇಸ್ ಆಗೋ ವಿಷಯ

ಹಿಡಿಗೆ ಹಳೇ ಕಾಲದಲ್ಲಿ ಏನೇನೋ ಹಾಕ್ತಿದ್ದರು: ದನದ ಮೂಳೆ, ಕೋಣದ ಕೊಂಬು, ಕಪ್ಪು ಎಬೊನಿ ಮರ, ಮುತ್ತಿನ ಚಿಪ್ಪು, ಸೆಲ್ಯುಲಾಯ್ಡ್ ಅನ್ನೋ ಮೊದಲ ತಲೆಮಾರಿನ ಪ್ಲಾಸ್ಟಿಕ್. ಅದರ ಜೊತೆಗೆ ಆನೆದಂತ ಮತ್ತು ಕಡವೆ ಕೊಂಬು. ರಾಜರ್ಸ್ ಕಾರ್ಖಾನೆ ದಂತದ ದಾಸ್ತಾನಿಗೇ ಪ್ರಸಿದ್ಧವಾಗಿತ್ತು. ಕಡವೆ ಕೊಂಬಂತೂ ನಮ್ಮ ದೇಶದ ಕಾಡಿಂದಲೇ ಶೆಫೀಲ್ಡ್‌ಗೂ ಸೊಲಿಂಗೆನ್‌ಗೂ ಹೋಗ್ತಿತ್ತು. ಗಂಡು ಕಡವೆ ಉದುರಿಸೋ ಕೊಂಬನ್ನ ಆರಿಸಿ ಮಾರ್ತಿದ್ದರು. ಹೊರಗಿನವರು ಇವತ್ತಿಗೂ 'ಇಂಡಿಯನ್ ಸ್ಟ್ಯಾಗ್' ಅಂತಲೇ ಕರೆಯೋದು. 1990ರ ದಶಕದ ಕೊನೆಯಲ್ಲಿ ಸರ್ಕಾರ ಅದರ ರಫ್ತು ನಿಲ್ಲಿಸಿತು.

2023ರಲ್ಲಿ ಹುಲಿ ಉಗುರಿನ ಪೆಂಡೆಂಟ್ ಗಲಾಟೆ ಆಯ್ತಲ್ಲ, ನೆನಪಿದೆಯಾ? ಅದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲಿಗೂ ಬರುತ್ತೆ. ದಂತದ ಹಿಡಿಯ ಚಾಕು ಅಜ್ಜನ ಕಾಲದಿಂದ ಇದೆ ಅನ್ನೋದು ಮಾರೋಕೆ ಪರವಾನಗಿ ಅಲ್ಲ. ಆನೆದಂತ ಕೊಳ್ಳೋದು ಮಾರೋದು ಎರಡೂ ಅಪರಾಧ. ಆನ್‌ಲೈನಲ್ಲಿ ಹಾಕೋದಂತೂ ತಾನಾಗಿ ಹೋಗಿ ಸಿಕ್ಕಿಬಿದ್ದ ಹಾಗೆ. ದಂತ ಅಥವಾ ಕಡವೆ ಕೊಂಬು ಅಂತ ಅನುಮಾನ ಬಂದರೆ ಮೊದಲು ವಕೀಲರನ್ನೋ ಅರಣ್ಯ ಇಲಾಖೆಯನ್ನೋ ಕೇಳಿ, ವ್ಯಾಪಾರದ ಮಾತೇ ಬೇಡ.

ಗುರುತಿಸೋದು ಹೀಗೆ. ಮೂಳೆಯಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿ, ಗೀರು ಕಾಣುತ್ತೆ, ರಕ್ತನಾಳ ಇದ್ದ ಜಾಗ ಅದು. ದಂತದಲ್ಲಿ ಚುಕ್ಕಿ ಇರಲ್ಲ, ಅಡ್ಡ ಕೊಯ್ದ ತುದಿಯಲ್ಲಿ ಗೆರೆಗಳು ಒಂದರ ಮೇಲೊಂದು ಹಾದು ಬಲೆಯ ಹಾಗೆ ಕಾಣುತ್ತೆ. ಸೆಲ್ಯುಲಾಯ್ಡನ್ನ ಹೆಬ್ಬೆರಳಲ್ಲಿ ಬಿಸಿಯಾಗೋ ತನಕ ಉಜ್ಜಿ ಮೂಸಿ, ಕರ್ಪೂರದ ವಾಸನೆ. ಯೂಟ್ಯೂಬಲ್ಲಿ ಕಾದ ಸೂಜಿ ಚುಚ್ಚಿ ನೋಡಿ ಅಂತಾರೆ. ದಯವಿಟ್ಟು ಬೇಡ. ಸೆಲ್ಯುಲಾಯ್ಡ್ ಭಗ್ ಅಂತ ಹೊತ್ತಿಕೊಳ್ಳೋ ವಸ್ತು. ಹಳೇದಾದಂತೆ ಅದು ಆಮ್ಲದ ಹಬೆಯನ್ನೂ ಬಿಡುತ್ತೆ. ಒಂದೇ ಡಬ್ಬಿಯಲ್ಲಿಟ್ಟರೆ ಪಕ್ಕದ ಚಾಕುಗಳಿಗೂ ತುಕ್ಕು. ಅದನ್ನ ಬೇರೆ, ಗಾಳಿಯಾಡೋ ಕಡೆ ಇಡಿ. ನನ್ನ ಹಳದಿ ಬಿಳುಪಿನ ಹಿಡಿಯಲ್ಲಿ ಚುಕ್ಕಿ ಇತ್ತು, ಮೂಳೆ. ಆ ದಿನ ನಿದ್ದೆ ಚೆನ್ನಾಗಿ ಬಂತು.

ಕಸಿ ಚಾಕುವಿನ ಗುಟ್ಟು

ರೈತರ ಮನೆಯಲ್ಲಿ ಸಿಗೋ ಮಡಚುವ ಚಾಕು ಬರೀ ಜೇಬಿನ ಚಾಕು ಅಲ್ಲದೆ ಇರಬಹುದು. ಅಲಗು ಕುಡುಗೋಲಿನ ಹಾಗೆ ಒಳಕ್ಕೆ ಬಾಗಿದ್ದರೆ ಸವರುವ ಚಾಕು. ಅಲಗು ನೆಟ್ಟಗೆ, ಒಂದು ಬದಿ ಮಾತ್ರ ಇಳಿಜಾರಾಗಿ ಸಾಣೆ, ಇನ್ನೊಂದು ಬದಿ ಪೂರ್ತಿ ಚಪ್ಪಟೆ ಇದ್ದರೆ ಕಸಿ ಚಾಕು. ಹಿಡಿ ತುದಿಯಲ್ಲಿ ಚಪ್ಪಟೆ ನಾಲಗೆ ಅಥವಾ ಅಲಗಿನ ಬೆನ್ನ ಮೇಲೆ ಸಣ್ಣ ಗುಬುಟು ಇದ್ದರೆ ಕಣ್ಣು ಕಸಿಯ ಚಾಕು. ಗುಲಾಬಿ, ರಬ್ಬರ್ ಕಣ್ಣು ಕೂರಿಸೋರಿಗೆ ಇದು ಗೊತ್ತು. ಟಿ ಆಕಾರದಲ್ಲಿ ಗೀರಿ, ಆ ನಾಲಗೆಯಿಂದ ತೊಗಟೆ ಎಬ್ಬಿಸಿ ಕಣ್ಣು ತೂರಿಸೋದು. ಶೆಫೀಲ್ಡ್‌ನ ಸೇನರ್, ಜರ್ಮನಿಯಲ್ಲಿ 1854ರಲ್ಲಿ ಶುರುವಾದ ಟೀನಾ, ಇವರದ್ದೆಲ್ಲ ತೋಟಗಾರಿಕೆ ಚಾಕುವಿನಲ್ಲೇ ಹೆಸರು.

ಒಂದೇ ಬದಿ ಯಾಕೆ ಸಾಣೆ? ಕಡ್ಡಿ ಸೀಳುವಾಗ ಚಪ್ಪಟೆ ಬದಿ ಮರಕ್ಕೆ ಒತ್ತಿಕೊಂಡು ಹೋಗುತ್ತೆ, ಕೊಯ್ತ ಕನ್ನಡಿಯ ಹಾಗೆ ಸಮ ಬರುತ್ತೆ. ಸಸಿಯ ಕೊಯ್ತಕ್ಕೂ ಕಡ್ಡಿಯ ಕೊಯ್ತಕ್ಕೂ ನಡುವೆ ಕೂದಲೆಳೆ ಜಾಗ ಉಳಿಯಲ್ಲ, ಕಸಿ ಹಿಡಿಯುತ್ತೆ. ಎರಡೂ ಬದಿ ಸಾಣೆ ಹಿಡಿದರೆ ಅಲಗು ಅಲೆ ಅಲೆಯಾಗಿ ಕೊಯ್ಯುತ್ತೆ. ನಾನು ಅಜ್ಜನ ಚಾಕುವಿಗೆ ಮಾಡಿದ ಎರಡನೇ ಅನ್ಯಾಯ ಇದು. ಗ್ರೈಂಡರಿನ ಬಿಸಿ ಇನ್ನೊಂದು ಕಥೆ. ಅಂಚಲ್ಲಿ ನೀಲಿ ಬಣ್ಣ ಬಂತು ಅಂದರೆ ಉಕ್ಕಿನ ಹದ ಹೋಯ್ತು ಅಂತ. ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲಲ್ಲ. ಕೈಯಲ್ಲಿ ಸಾಣೆ ಕಲ್ಲಿಗೆ ನೀರು ಹಾಕಿ, ಇಳಿಜಾರಿನ ಬದಿಯನ್ನ ಮಾತ್ರ ಉಜ್ಜಿ, ಚಪ್ಪಟೆ ಬದಿಯನ್ನ ಕೊನೆಗೊಮ್ಮೆ ಕಲ್ಲಿನ ಮೇಲೆ ಮಲಗಿಸಿ ಎಳೆದರೆ ಸಾಕು.

ಕೊಳ್ಳೋ ಮೊದಲು

ಸಂತೆ, ಗುಜರಿ ಅಂಗಡಿ, ಆನ್‌ಲೈನ್, ಎಲ್ಲಿ ಕೊಂಡರೂ ಒಂದು ನಿಮಿಷ ತಗೊಳ್ಳಿ. ಚಾಕು ಮಡಚಿ. ಅಲಗಿನ ಮೊನೆ ಹಿಡಿಯೊಳಗೆ ಪೂರ್ತಿ ಮುಳುಗಬೇಕು. ಹೊರಗೆ ಇಣುಕ್ತಾ ಇದ್ದರೆ ಯಾರೋ ಬುಡವನ್ನ ಉಜ್ಜಿದ್ದಾರೆ ಅಥವಾ ಬೇರೆ ಚಾಕುವಿನ ಅಲಗು ಹಾಕಿದ್ದಾರೆ. ಬಿಚ್ಚಿ, ಮಡಚಿ, ಸದ್ದು ಕೇಳಿ. ಒಳ್ಳೇ ಸ್ಪ್ರಿಂಗ್ ಎರಡೂ ಕಡೆ ಟಪ್ ಅನ್ನಬೇಕು. ಬಿಚ್ಚಿದಾಗ ಅಲಗು ಅತ್ತಿತ್ತ ಅಲ್ಲಾಡಬಾರದು. ಒಂದು ಅಲಗು ಸವೆದು ಕಡ್ಡಿಯಾಗಿ ಇನ್ನೊಂದು ದಪ್ಪ ಇದ್ದರೆ ಅದು ಸಹಜ, ಅಜ್ಜಂದಿರು ಒಂದನ್ನೇ ಬಳಸ್ತಿದ್ದರು.

ನಕಲಿಯ ದೊಡ್ಡ ಗುರುತು ಹೊಂದಾಣಿಕೆ ಇಲ್ಲದಿರೋದು. ಅಲಗು ಪೂರ್ತಿ ಸವೆದು ಮುದ್ರೆ ಮಾತ್ರ ನಿನ್ನೆ ಹೊಡೆದ ಹಾಗೆ ಚೂಪಾಗಿದ್ದರೆ, ಹಿಡಿ ಹಳೇದಾಗಿ ಮೊಳೆ ಮಾತ್ರ ಹೊಳೀತಿದ್ದರೆ, ಕೆಳಗಿಡಿ. ಹೆಸರನ್ನೂ ಒಂದೇ ನಂಬಬೇಡಿ. ರಾಜರ್ಸ್, ವೊಸ್ಟೆನ್‌ಹೋಮ್ ಹೆಸರು ಬೇರೆಯವರ ಕೈಗೆ ಹೋಗಿ ಇವತ್ತಿಗೂ ಹೊಸ ಚಾಕುಗಳ ಮೇಲೆ ಬರ್ತಾ ಇದೆ. ಅದು ಮೋಸ ಅಲ್ಲ, ಆದರೆ ಹಳೇದೂ ಅಲ್ಲ. ನನ್ನ ಮೊದಲ ಖರೀದಿ ಹೀಗೇ ಆಯ್ತು. ಸಂತೆಯಲ್ಲಿ ಒಬ್ಬರು 'ನೂರು ವರ್ಷದ್ದು' ಅಂತ ಹನ್ನೆರಡು ನೂರಕ್ಕೆ ಕೊಟ್ಟರು. ಮನೆಗೆ ಬಂದು ಟಾರ್ಚ್ ಹಿಡಿದರೆ ಇನ್ನೊಂದು ಬದಿಯಲ್ಲಿ 'ಸ್ಟೇನ್‌ಲೆಸ್'. ಈಗ ಅದರಲ್ಲಿ ಡ್ರಿಪ್ ಪೈಪು ಕೊಯ್ತೀನಿ, ಚೆನ್ನಾಗೇ ಕೊಯ್ಯುತ್ತೆ.

ತುಕ್ಕು ಯಾವುದು, ಬಣ್ಣ ಯಾವುದು

ಬಾಳೆಕಾಯಿ ಹೆಚ್ಚಿದರೆ ಕಬ್ಬಿಣದ ಚಾಕು ಕಪ್ಪಾಗುತ್ತಲ್ಲ, ಅದೇ ಬಣ್ಣ ವರ್ಷಾನುಗಟ್ಟಲೆ ಕೂತು ಅಲಗಿಗೆ ಬೂದಿ, ನೀಲಿ, ಕಪ್ಪು ಬರುತ್ತೆ. ಅದು ತುಕ್ಕಲ್ಲ. ಅಲಗನ್ನ ಸ್ವಲ್ಪಮಟ್ಟಿಗೆ ಕಾಯೋದೇ ಅದು, ಸಂಗ್ರಾಹಕರು ಬೆಲೆ ಕೊಡೋದೂ ಅದಕ್ಕೆ. ತೆಗೆಯಬೇಡಿ. ಕೆಂಪಗೆ, ಬೆರಳಿಗೆ ಪುಡಿ ಅಂಟೋದು ಮಾತ್ರ ತಿನ್ನೋ ತುಕ್ಕು. ಅದಕ್ಕೆ ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಬಿಟ್ಟು ಒಂದು ದಿನ ಇಡಿ. ಮಾರನೇ ದಿನ ಒರಟು ಬಟ್ಟೆಯಲ್ಲಿ ಒರೆಸಿ. ಹೋಗದಿದ್ದರೆ ತೀರಾ ಸಣ್ಣ ಸ್ಟೀಲ್ ವೂಲನ್ನ ಎಣ್ಣೆ ಜೊತೆಗೇ, ತುಕ್ಕಿರೋ ಜಾಗಕ್ಕೆ ಮಾತ್ರ. ಬುಡದ ಮುದ್ರೆಯ ಹತ್ತಿರ ಬಟ್ಟೆ ಬಿಟ್ಟು ಏನನ್ನೂ ತರಬೇಡಿ. ಕೀಲು ಬಿಗಿಯಾಗಿ ಬಿಚ್ಚದೇ ಇದ್ದರೆ ಇಕ್ಕಳ ಹಾಕಿ ಎಳೆಯಬೇಡಿ, ಉಗುರು ಸಿಕ್ಕಿಸೋ ಗೀರು ಒಡೆಯುತ್ತೆ. ಎಣ್ಣೆ ಬಿಟ್ಟು ಎರಡು ಮೂರು ದಿನ ಕಾಯಿರಿ, ತಾನೇ ಬರುತ್ತೆ.

ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಕಸ ಹಿಡಿಯುತ್ತೆ. ಚರ್ಮದ ಚೀಲದಲ್ಲಿಟ್ಟು ಮರೆಯೋದೂ ಬೇಡ, ಹದ ಮಾಡಿದ ಚರ್ಮ ತೇವ ಹೀರಿಕೊಂಡು ಅಲಗನ್ನ ತಿನ್ನುತ್ತೆ. ನಮ್ಮ ಮಲೆನಾಡಿನ ಆಷಾಢದಲ್ಲಿ ಹಪ್ಪಳವೇ ಮೆತ್ತಗಾಗುತ್ತೆ, ಚಾಕು ಯಾವ ಲೆಕ್ಕ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರೋ ಸಿಲಿಕಾ ಪುಡಿಕೆ ಎರಡನ್ನ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಚಾಕುವನ್ನ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅದರೊಳಗಿಡಿ. ಸೆಲ್ಯುಲಾಯ್ಡ್ ಹಿಡಿಯದ್ದು ಮಾತ್ರ ಈ ಡಬ್ಬಿಗೆ ಬೇಡ. ಜೊತೆಗೆ ಒಂದು ಚೀಟಿ: ಯಾರದ್ದು, ಎಲ್ಲಿಂದ ಬಂತು, ಏನಕ್ಕೆ ಬಳಸ್ತಿದ್ದರು. ಮುದ್ರೆ ಹೇಳೋದು ಕಾರ್ಖಾನೆಯ ಹೆಸರನ್ನ. ಹೊಳೆದಂಡೆಯ ಮರದ ವಿಷಯ ಯಾವ ಮುದ್ರೆಯಲ್ಲೂ ಬರೆದಿರಲ್ಲ.

ಹೋದ ತಿಂಗಳು ಪಕ್ಕದ ಊರಲ್ಲಿ ಅಡಿಕೆ ಸುಲಿಯೋ ಕಡೆ ಹೋಗಿದ್ದೆ. ಎಂಬತ್ತು ದಾಟಿದ ಒಬ್ಬರು ಸೊಂಟದಿಂದ ಮಡಚುವ ಚಾಕು ತೆಗೆದು ಗೋಟಡಿಕೆ ಸೀಳ್ತಾ ಕೂತಿದ್ದರು. ಅಲಗು ಸವೆದು ಬೆಂಕಿಕಡ್ಡಿ ಅಗಲಕ್ಕೆ ಬಂದಿದೆ. ನೋಡಬಹುದಾ ಅಂದೆ. "ಬುಡದಲ್ಲಿ ಏನೋ ಬರ್ದದ್ಯಂತೆ, ನಂಗೆ ಕಾಣೂದಿಲ್ಲ, ಓದು" ಅಂದರು. ಅವರ ಮೊಮ್ಮಗಳು ಟಾರ್ಚ್ ಹಿಡಿದಳು, ನಾನು ಫೋಟೋ ತೆಗೆದು ದೊಡ್ಡದು ಮಾಡಿದೆ. 'ಸೊಲಿಂಗೆನ್', ಅದರ ಮೇಲೆ ಅರ್ಧ ಅಳಿಸಿದ ಒಂದು ಮರ. ಓದಿ ಹೇಳಿದೆ. ಜರ್ಮನಿಯದ್ದು ಅಂದಾಗ ಅವರು ಚಾಕುವನ್ನ ಒಂದು ಸಲ ತಿರುಗಿಸಿ ನೋಡಿದರು. "ಅಪ್ಪಯ್ಯ ತೀರ್ಥಹಳ್ಳಿ ಜಾತ್ರೆಲಿ ತಂದದ್ದು" ಅಂದು ಇನ್ನೊಂದು ಅಡಿಕೆ ತಗೊಂಡರು. ಮೊಮ್ಮಗಳು ಆ ಫೋಟೋ ತನಗೂ ಕಳಿಸಿ ಅಂತ ನಂಬರ್ ಕೊಟ್ಟಳು.